ಗುಡೂರಿನ ಗೋಡೆಯ ಮೇಲೆ ನಮ್ಮ ಆಯಿ

ಹಳೆಯ ಫೋಟೋಗಳನ್ನು ಕೂಡಿಸು ಎಂದು ನನಗೆ ಯಾರೂ ಹೇಳಿರಲಿಲ್ಲ. ಗುಡೂರಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಪೇಪರು ಜೋಡಿಸುವುದು ನನ್ನ ಕೆಲಸ. ಮನೆ ಇಳಕಲ್‌ನಲ್ಲಿ, ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವಳು. ಎರಡು ವರ್ಷದ ಹಿಂದೆ ಗ್ರಂಥಾಲಯಕ್ಕೆ ಹೊಸದಾಗಿ ಬಣ್ಣ ಬಳಿದರು. ಬಾಗಿಲಿನ ಎದುರಿನ ಗೋಡೆ ತೀರಾ ಬೋಳಾಗಿ ಕಾಣುತ್ತಿತ್ತು. ಊರವರ ಮನೆಗಳಲ್ಲಿರುವ ಹಳೆಯ ಫೋಟೋಗಳ ಪ್ರತಿ ಮಾಡಿಸಿ ಅಲ್ಲಿ ಹಚ್ಚಿದರೆ ಹೇಗೆ ಎಂದು ಅನ್ನಿಸಿ, ಪೇಪರು ಓದಲು ಬರುವ ನಾಲ್ಕು ಮಂದಿ ಹಿರಿಯರ ಕಿವಿಗೆ ಹಾಕಿದೆ. ಅಷ್ಟೇ ಸಾಕಾಯಿತು.

ಒಂದು ವಾರದಲ್ಲಿ ಟವೆಲ್ಲಿನಲ್ಲಿ ಸುತ್ತಿದ, ಸೆರಗಿನಲ್ಲಿ ಮುಚ್ಚಿದ, ಬಿಸ್ಕಿಟಿನ ಡಬ್ಬಿಯಲ್ಲಿಟ್ಟ ಫೋಟೋಗಳು ಬರತೊಡಗಿದವು. ಗದೆಯನ್ನು ಹೆಗಲಿಗೆ ಇಟ್ಟ ಪೈಲ್ವಾನ. ಕೂಸಿನ ಹಾಗೆ ತೊಡೆಯ ಮೇಲೆ ರೇಡಿಯೋ ಕೂಡಿಸಿಕೊಂಡ ಯಜಮಾನ. ಊರಿಗೆ ಬಂದ ಮೊದಲ ಟ್ರ್ಯಾಕ್ಟರಿನ ಮೇಲೆ ಹದಿನಾಲ್ಕು ಜನ. ಒಂದು ಮದುವೆ ಫೋಟೋದಲ್ಲಿ ಗೆದ್ದಲು ತಿಂದು ಮದುಮಗನ ಮುಖವೇ ಹೋಗಿತ್ತು. ಅದನ್ನು ತಂದ ಹೆಂಗಸು ಆ ತೂತಿನ ಮೇಲೆ ಬೆರಳಿಟ್ಟು, “ಇವರಽ ನೋಡ್ರಿ ನಮ್ಮ ಮಾವನೋರು” ಎಂದು ತೋರಿಸಿದಳು. ನಾನು ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದುಕೊಂಡು, ಇವರು ಯಾರು, ಎಲ್ಲಿ ತೆಗೆಸಿದ್ದು ಎಂದು ಕೇಳಿ ಬರೆದಿಡುತ್ತಿದ್ದೆ.

ಒಬ್ಬ ರೈತ ಮಾತ್ರ ಬರಿಗೈಯಲ್ಲಿ ಬಂದ. ಐವತ್ತು ದಾಟಿದವನು.

“ನಮ್ಮ ಮನ್ಯಾಗ ಒಂದು ಭಾಳ ಹಳೇ ಫೋಟೋ ಐತ್ರಿ ಅಕ್ಕಾರ. ಆದ್ರ ನಮ್ಮವ್ವ ಅದನ್ನ ಗೋಡಿ ಬಿಟ್ಟು ಇಳಸಾಕ ಕೊಡೂದಿಲ್ಲ. ನೀವಽ ಬಂದು ತಕ್ಕೊಂಡು ಹೋಗ್ರಿ.”

ಎರಡು ಓಣಿ ಆಚೆಗೆ ಅವರ ಮನೆ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹೋದೆ. ಬಿಸಿಲಿನಿಂದ ಒಳಗೆ ಬಂದದ್ದಕ್ಕೆ ಪಡಸಾಲೆಯಲ್ಲಿ ಮೊದಲು ಏನೂ ಕಾಣಲಿಲ್ಲ. ಚಾಪೆಯ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. “ಬರ್ರಿ ಅಕ್ಕಾರ, ಕುಂದ್ರ್ರಿ” ಎಂದಳು. ಮಗ ಎದುರಿನ ಗೋಡೆಗೆ ಕೈ ಮಾಡಿದ. ನಾನು ತಲೆ ಎತ್ತಿ ನೋಡಿದೆ.

ಅಲ್ಲಿ ನಮ್ಮ ಆಯಿ ಇದ್ದಳು. ನಮ್ಮಪ್ಪನನ್ನು ಹೆತ್ತ ತಾಯಿ.

ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗಿನಿಂದ ದಿನಾ ನೋಡಿದ ಮುಖ ಅದು. ತಲೆಯ ಮೇಲೆ ಸೆರಗು, ಸ್ವಲ್ಪ ಎಡಕ್ಕೆ ವಾಲಿದ ಕತ್ತು, ನೀಳ ಮೂಗು, ಮೂಗಿನಲ್ಲಿ ದೊಡ್ಡ ನತ್ತು, ಏನೋ ಹೇಳಲು ಹೊರಟು ನಿಲ್ಲಿಸಿದಂಥ ತುಟಿ. ಈ ಮುಖಕ್ಕೇ ನಮ್ಮಪ್ಪ ಕೆಲಸಕ್ಕೆ ಹೋಗುವ ಮುಂಚೆ ಕೈ ಮುಗಿಯುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅವನ ಫೋಟೋ ಜೊತೆಗೆ ಇದನ್ನೂ ನಾನೇ ಇಳಕಲ್‌ಗೆ ತಂದಿಟ್ಟುಕೊಂಡಿದ್ದೆ. ಆ ದಿನ ಬೆಳಿಗ್ಗೆಯೂ ಅದಕ್ಕೆ ಹೂವು ಏರಿಸಿ ಬಂದಿದ್ದೆ.

ಆದರೆ ನಮ್ಮ ಮನೆಯ ಫೋಟೋದಲ್ಲಿ ಆಯಿ ಎದೆಯ ಮಟ್ಟಕ್ಕೆ ಮಾತ್ರ ಇದ್ದಾಳೆ, ಒಬ್ಬಳೇ ಇದ್ದಾಳೆ. ಇಲ್ಲಿ ಪೂರ್ತಿ ಇದ್ದಳು. ಕೆತ್ತನೆಯ ಕುರ್ಚಿಯ ಮೇಲೆ ಕುಳಿತಿದ್ದಳು. ಅವಳ ಪಕ್ಕದಲ್ಲಿ ಎರಡು ವರ್ಷದ ಒಂದು ಹೆಣ್ಣು ಕೂಸು ನಿಂತು, ಅವಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ನಮ್ಮ ಫೋಟೋದಲ್ಲಿ ಆಯಿಯ ತೋಳಿನ ಅಂಚಿಗೆ ಮೂರು ಬಿಳಿ ಚುಕ್ಕಿಗಳಿವೆ. ಕುಪ್ಪಸದ ಕಸೂತಿ ಎಂದು ತಿಳಿದಿದ್ದೆವು. ಅವು ಈ ಕೂಸಿನ ಬೆರಳುಗಳು.

ನನ್ನ ಕೈಯೊಳಗಿನ ಮೊಬೈಲು ಚಾಪೆಯ ಮೇಲೆ ಬಿತ್ತು.

“ಯಾಕ್ರಿ ಅಕ್ಕಾರ, ತಲಿ ತಿರಗ್ತೇನು?” ಎಂದು ಮಗ ನೀರು ತರಲು ಒಳಗೆ ಓಡಿದ.

“ಇವರು ಯಾರ್ರಿ ಅಮ್ಮಾರ?” ಎಂದು ಕೇಳಿದೆ.

“ನಮ್ಮವ್ವ. ಬಾಜೂಕ ನಿಂತಾಕಿ ನಾನಽ” ಎಂದು ಮುದುಕಿ ನಕ್ಕಳು. ಹಲ್ಲಿಲ್ಲದ ಬಾಯಿ, ಎಳೆಯ ನಗು.

ನಾನು ಮೊಬೈಲು ಎತ್ತಿಕೊಂಡು, ನಮ್ಮ ಮನೆಯ ಫೋಟೋ ಹುಡುಕಿ, ಅವಳ ಮುಂದೆ ಹಿಡಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ನೀರಿನ ತಂಬಿಗೆ ತಂದ ಮಗನೂ ಬಗ್ಗಿ ನೋಡಿದ.

“ಇದು ನಿಮ್ಮ ಹತ್ರ ಹ್ಯಾಂಗ ಬಂತು?” ಎಂದು ಮುದುಕಿ ಕೇಳಿದಳು.

“ಇವರು ನಮ್ಮ ಆಯಿ. ನಮ್ಮಪ್ಪನ ಅವ್ವ. ನಮ್ಮಪ್ಪ ನಾಕು ವರ್ಷದಾಂವ ಇದ್ದಾಗ ತೀರಿಕೊಂಡ್ರು.”

ಮುದುಕಿಯ ನಗು ಹೋಯಿತು. “ನನಗ ಮೂವತ್ತರ ಮ್ಯಾಲ ಆಗಿತ್ತು ನಮ್ಮವ್ವ ಸತ್ತಾಗ. ನಾ ಒಬ್ಬಾಕಿನಽ ಮಗಳು. ಕಡೀಕ ನನ್ನ ಹತ್ರಽ ಇದ್ದಳು. ಇದಽ ಪಡಸಾಲ್ಯಾಗ, ನನ್ನ ತೊಡಿ ಮ್ಯಾಲ ಜೀವ ಬಿಟ್ಟಾಳ.”

ಆ ಮಾತಿನ ಅರ್ಥ ನನ್ನ ತಲೆಗೆ ನಿಧಾನವಾಗಿ ಇಳಿಯಿತು. ನಮ್ಮ ಕಡೆ ಉಡಿಕಿ ಎಂಬ ಪದ್ಧತಿ ಇತ್ತು. ಗಂಡ ಸತ್ತವಳಿಗೆ, ಗಂಡನನ್ನು ಬಿಟ್ಟವಳಿಗೆ ಮಾಡುತ್ತಿದ್ದ ಎರಡನೆಯ ಮದುವೆ. ಹಾಗಾದರೆ ಆಯಿ ಸತ್ತಿರಲಿಲ್ಲ. ನಾಲ್ಕು ವರ್ಷದ ಮಗನನ್ನು ಬಿಟ್ಟು ಬಂದಿದ್ದಳು. ಹುನಗುಂದದ ಬಳಿಯ ಊರಿನಲ್ಲಿ ನಮ್ಮಪ್ಪ ತಾಯಿ ಇಲ್ಲದವನಾಗಿ ಬೆಳೆಯುವಾಗ, ಇವಳು ಒಂದೇ ಬಸ್ಸಿನ ದಾರಿಯಷ್ಟು ದೂರದಲ್ಲಿ ಇನ್ನೊಂದು ಕೂಸಿನ ತಾಯಿಯಾಗಿ ಬದುಕಿದ್ದಳು. ಅಪ್ಪನಿಗೆ ಸತ್ತಳು ಎಂದು ಹೇಳಿಬಿಟ್ಟಿದ್ದರು. ಎದುರಿಗೆ ಕುಳಿತ ಈ ಮುದುಕಿ ನನಗೆ ಸೋದರತ್ತೆ!

ಬಾಯಿ ತಡೆಯಲಿಲ್ಲ. ಉಡಿಕಿ ಎಂಬ ಮಾತು ಹೊರಗೆ ಬಂದೇ ಬಿಟ್ಟಿತು. ಮುದುಕಿ ಗೋಡೆ ಹಿಡಿದು ಎದ್ದು ನಿಂತಳು.

“ನಮ್ಮವ್ವ ಕೂಸು ಬಿಟ್ಟು ಬಂದಾಕಿ ಅಲ್ರಿ. ನನಗ ಜ್ವರ ಬಂದ್ರ ಮೂರು ದಿನ ಅನ್ನ ಬಿಡ್ತಿದ್ಲು ಅಕಿ. ಫೋಟೋ ತಗೀಬ್ಯಾಡ್ರಿ. ಮೊದಲ ನಿಮ್ಮ ಮನ್ಯಾಗ ಖರೇ ಏನಂತ ಕೇಳ್ಕೊಂಡು ಬರ್ರಿ. ಆಮ್ಯಾಲ ಮಾತಾಡೂಣು.”

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಎಡದ ಕಾಲಿಗೆ ಬಲದ್ದು ಹಾಕಿದ್ದೆ. ಗ್ರಂಥಾಲಯದ ಬಾಗಿಲು ಮುಟ್ಟುವವರೆಗೂ ಗೊತ್ತಾಗಲಿಲ್ಲ.

ಖರೆ ಹೇಳಬಲ್ಲವಳು ಒಬ್ಬಳೇ ಉಳಿದಿದ್ದಳು: ಬಾದಾಮಿಯಲ್ಲಿ ಮಗನ ಮನೆಯಲ್ಲಿರುವ ನನ್ನ ಅತ್ತೆ, ಅಪ್ಪನ ಅಕ್ಕ. ತಾಯಿ ಸತ್ತಾಗ ಅವಳಿಗೆ ಹನ್ನೆರಡು ವರ್ಷ. ತಮ್ಮನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು. ಈಗ ಎಂಬತ್ತೈದು ದಾಟಿದ್ದರೂ ಕಣ್ಣು, ಕಿವಿ, ನಾಲಗೆ ಮೂರೂ ಚುರುಕು. ಮರುದಿನ ರಜೆ ಹಾಕಿ ಬಾದಾಮಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸಿಟ್ಟು ಕುದಿಯುತ್ತಿತ್ತು. ಇಷ್ಟು ವರ್ಷ ನಮಗೆಲ್ಲ ಸುಳ್ಳು ಹೇಳಿದ್ದಾಳೆ, ಕೇಳಿಯೇ ಬಿಡಬೇಕು ಎಂದು.

ಅತ್ತೆ ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. “ಯಾಕವಾ, ಫೋನ್ ಸೈತ ಮಾಡದ ಬಂದಿ?” ಎಂದಳು.

ನಾನು ನಿಂತೇ ಕೇಳಿದೆ. “ಅತ್ತಿ, ಆಯಿ ಸತ್ತಿದ್ಲೋ, ಬಿಟ್ಟು ಹೋಗಿದ್ಲೋ?”

ಹುಣಸೆಹಣ್ಣು ಮೊರಕ್ಕೆ ಬಿತ್ತು. “ಯಾವ ಬಾಯಿ ಹುಳತಾಂವ ಹಂಗಂದ?”

ಗುಡೂರಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಕುರ್ಚಿ, ಕೂಸು, ತೋಳಿನ ಮೇಲಿನ ಬೆರಳು. ಅತ್ತೆ ಅರ್ಧದಲ್ಲಿ ಮಾತು ತಡೆಯಬಹುದೆಂದು ಕಾದೆ, ತಡೆಯಲಿಲ್ಲ. ಕೂಸಿನ ಮಾತು ಬಂದಾಗ ಸೆರಗಿನಿಂದ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿದಳು.

“ನಮ್ಮವ್ವ ಸತ್ತಿದ್ದು ಖರೆ. ನಾ ಕಣ್ಣಾರೆ ನೋಡೀನಿ. ಮಣ್ಣು ಮಾಡೂ ದಿನ, ಕುಣ್ಯಾಗ ಕುಂದ್ರಸೂ ಮುಂದ ಅಕಿ ಹಣಿಗೆ ವಿಭೂತಿ ಹಚ್ಚಾಕ ನನ್ನಽ ಕರದಿದ್ರು.”

“ಹಂಗಾರ ಆ ಫೋಟೋದಾಗಿನಾಕಿ?”

“ಅಕಿ ಯಾರೋ ನನಗ ಗೊತ್ತಿಲ್ಲವಾ.”

ಅತ್ತೆಗೆ ಮರೆವು ಬಂದಿದೆ ಎಂದೇ ಮೊದಲು ಅಂದುಕೊಂಡೆ. “ಅತ್ತಿ, ನಮ್ಮ ಮನ್ಯಾಗಿನ ಫೋಟೋ. ಆಯಿದು” ಎಂದೆ.

“ಆಯಿದಲ್ಲ. ನಮ್ಮವ್ವನ ಫೋಟೋ ಯಾರೂ ತಗದಽ ಇಲ್ಲ.”

ನಾನು ಕಟ್ಟೆಯ ಮೇಲೆ, ಹುಣಸೆಬೀಜದ ರಾಶಿಯ ಮೇಲೆಯೇ ಕುಳಿತುಬಿಟ್ಟೆ.

ಆಗ ಅತ್ತೆ ಹೇಳಿದಳು. ಅವಳಿಗೆ ಎಂಟು ವರ್ಷವಿದ್ದಾಗ, ನಮ್ಮಪ್ಪ ಇನ್ನೂ ಹೊಟ್ಟೆಯಲ್ಲಿದ್ದಾಗ, ತಂದೆ ತಾಯಿ ಅವಳನ್ನು ಕರೆದುಕೊಂಡು ಬಾಗಲಕೋಟೆಯ ದವಾಖಾನೆಗೆ ಹೋಗಿದ್ದರು. ದವಾಖಾನೆ ಮುಗಿದ ಮೇಲೆ ಮುತ್ಯಾನಿಗೆ, ಅಂದರೆ ನಮ್ಮ ಅಜ್ಜನಿಗೆ, ಫೋಟೋ ತೆಗೆಸಿಕೊಳ್ಳುವ ಆಸೆಯಾಯಿತು. ಪೇಟೆಯಲ್ಲಿ ಒಂದು ಸ್ಟುಡಿಯೋ ಇತ್ತು. ಆಯಿ ಒಳಗೆ ಹೋಗಲಿಲ್ಲ.

“ಅವ್ವಗ ಸಣ್ಣಾಕಿದ್ದಾಗ ಮೈಲಿ ಬ್ಯಾನಿ ಬಂದು ಒಂದು ಕಣ್ಣು ಹೋಗಿತ್ತು. ಮಾರಿ ತುಂಬ ಕಲಿ. ‘ಈ ಮಾರಿ ಏನ್ ತಗಸ್ತೀರಿ, ನೀವು ತಗಸ್ಕೊಂಡು ಬರ್ರಿ’ ಅಂದು ಮೆಟ್ಟಲ ಮ್ಯಾಲ ಕುಂತ್ಲು. ನಾನೂ ಅಕಿ ಬಾಜೂಕ ಕುಂತೆ. ಅಪ್ಪ ಒಬ್ಬಾಂವನಽ ಒಳಗ ಹೋಗಿ ತಗಸ್ಕೊಂಡು ಬಂದ.”

ಸಿಡುಬಿನ ಕಲೆ. ಹೋದ ಕಣ್ಣು. ನನಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ನೀಳ ಮೂಗಿನ, ನತ್ತಿನ ಹೆಂಗಸು ನನ್ನ ಕಣ್ಣ ಮುಂದಿನಿಂದ ಸರಿಯುವುದಕ್ಕೆ ಒಪ್ಪುತ್ತಿರಲಿಲ್ಲ; ಅವಳನ್ನು ಸರಿಸಿದರೆ ಆ ಜಾಗದಲ್ಲಿ ಇಡಲು ನನ್ನ ಬಳಿ ಏನೂ ಇರಲಿಲ್ಲ.

ಮುತ್ಯಾನ ಆ ಫೋಟೋದ ಹಿಂದೆ ಸ್ಟುಡಿಯೋದ ಮುದ್ರೆ ಇತ್ತು. ಆ ದಿನ ತಾಯಿಯೂ ಜೊತೆಗೆ ಹೋಗಿದ್ದಳು ಎಂದು ಅಪ್ಪ ಯಾರ ಬಾಯಿಂದಲೋ ಕೇಳಿದ್ದ. ಅವನಿಗೆ ತಾಯಿಯ ಮುಖ ಒಂದಿಷ್ಟೂ ನೆನಪಿರಲಿಲ್ಲ; ಅವಳ ಹೋದ ಕಣ್ಣಿನ ಮಾತನ್ನು ಅವನ ಮುಂದೆಯೂ ಯಾರೂ ಎತ್ತಿರಲಿಲ್ಲ. ಹುನಗುಂದದಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದ ಅವನು, ತಾಯಿಯದೂ ಒಂದು ಫೋಟೋ ಅಲ್ಲಿ ಇದ್ದೀತು ಎಂದು ವರ್ಷಗಟ್ಟಲೆ ಕನಸು ಕಂಡಿರಬೇಕು. ಮುಂದೆ ಬಾಗಲಕೋಟೆಯ ಹಳೆಯ ಊರಿಗೆ ಅಣೆಕಟ್ಟಿನ ಹಿನ್ನೀರು ಬರುತ್ತದೆ ಎಂದು ಜನ ಮನೆ, ಅಂಗಡಿ ಖಾಲಿ ಮಾಡಿ ನವನಗರಕ್ಕೆ ಹೋಗತೊಡಗಿದಾಗ ಆ ಸ್ಟುಡಿಯೋದವರೂ ಗಂಟು ಕಟ್ಟಿದರು. ಯಾರೂ ಒಯ್ಯದೆ ಉಳಿದ ಹಳೆಯ ಫೋಟೋಗಳನ್ನೆಲ್ಲ ಬಾಗಿಲ ಮುಂದೆ ಚಾಪೆ ಹಾಸಿ ಸುರಿದು, ನಿಮ್ಮವರದು ಇದ್ದರೆ ಒಯ್ಯಿರಿ ಎಂದರಂತೆ. ಅಪ್ಪನಿಗೆ ಸುದ್ದಿ ಮುಟ್ಟಿತು. ಮೂರು ಸಲ ಹೋಗಿ ಆ ರಾಶಿಯನ್ನು ಕೆದರಿದ.

“ಅಲ್ಲಿಂದ ಸೀದಾ ನನ್ನ ಹತ್ರ ಬಂದ. ಐವತ್ತರ ಸನೇಕ ಬಂದ ಗಂಡಸು, ಕೂಸಿನಂಗ ನಡಗಾಕತ್ತಿದ್ದ. ಫೋಟೋ ನನ್ನ ಉಡ್ಯಾಗಿಟ್ಟು, ‘ಅಕ್ಕಾ, ಇದಽ ಏನು? ಅವ್ವ ಇಕಿನಽ ಏನು? ಈ ಸಣ್ಣ ಹುಡುಗಿ ನೀನಽ ಹೌದಿಲ್ಲೋ?’ ಅಂದ. ಅವತ್ತ ನಾ ಎಂಟು ವರ್ಷದಾಕಿ ಇದ್ದೆ ಅಂತ ಅವಗ ಗೊತ್ತಿದ್ದಿಲ್ಲ.”

“ನೀ ಏನಂದಿ?”

“ಹೂಂ ಅಂದೆ.”

“ಅತ್ತಿ!”

“ಏನ್ ಅನ್ಲಿ ಮತ್ತ? ಅವನ ಮಾರಿ ನೋಡಿದ್ರ ಇಲ್ಲ ಅನ್ನಾಕ ನಾಲಗಿ ಏಳಲಿಲ್ಲ. ನಾಳೆ ಹೇಳಿದ್ರಾತು ಅನಕೊಂಡೆ. ಮರುದಿನ ನೋಡಿದ್ರ ಅಂವ ನನಗಿಂತ ಮೊದಲಽ ಎದ್ದು ಅದಕ್ಕ ಹೂವು ಏರಿಸಿ ಕುಂತಿದ್ದ.”

ಒಂದನ್ನು ಮಾತ್ರ ಅವಳಿಗೆ ಸಹಿಸಲು ಆಗಲಿಲ್ಲವಂತೆ. ಯಾರದೋ ಕೂಸನ್ನು ತೋರಿಸಿ, ಇದು ನಾನು ಎಂದು ದಿನಾ ಹೇಳಬೇಕಲ್ಲ! ನನ್ನನ್ನು ತೆಗೆದುಬಿಡು, ಅವ್ವ ಒಬ್ಬಳೇ ಇರಲಿ ಎಂದು ತಮ್ಮನಿಗೆ ಅವಳೇ ಹೇಳಿದಳು. ಅಪ್ಪ ಅಕ್ಕನ ಮಾತು ಮೀರುವವನಲ್ಲ. ದೊಡ್ಡದು ಮಾಡಿಸಿ ಕಟ್ಟು ಹಾಕಿಸುವಾಗ ಆ ಕೂಸನ್ನು ಕತ್ತರಿಸಿದರು. ಮೂರು ಬೆರಳು ಉಳಿದವು.

ನನಗೆ ಸಿಟ್ಟು ಬಂತು. ಬಿಟ್ಟು ಹೋದಳು ಎಂದು ತಿಳಿದಾಗ ಬಂದದ್ದಕ್ಕಿಂತ ದೊಡ್ಡ ಸಿಟ್ಟು. ಕೊನೆಯ ಹದಿನೈದು ದಿನ ಅಪ್ಪ ಆ ಫೋಟೋವನ್ನು ಹಾಸಿಗೆಯ ಎದುರಿಗೆ ಇಡಿಸಿಕೊಂಡಿದ್ದ. “ಅವ್ವ ನನ್ನಽ ನೋಡಾಕತ್ತಾಳ” ಎಂದು ನನ್ನ ಕೈ ಹಿಡಿದು ಹೇಳಿದ್ದ. ಅತ್ತೆ ಆಗ ಅಲ್ಲೇ, ಅವನ ತಲೆಯ ಬಳಿ ಕುಳಿತಿದ್ದಳು. ಅದನ್ನು ನೆನಪಿಸಿದೆ.

“ಹೌದು, ಇದ್ದೆ” ಎಂದಳು ಅತ್ತೆ. “ಆವಾಗರೆ ಹೇಳಬೇಕು ಅಂತ ಬಾಯಿ ತಗದೆ. ನೀ ಚಾ ತಂದಿ. ಮತ್ತ ಹೇಳಾಕಾಗಲಿಲ್ಲ.”

ಅವಳು ಅಳಲಿಲ್ಲ. ನಾನೂ ಅಳಲಿಲ್ಲ. ಊಟ ಮಾಡಿಕೊಂಡು ಹೋಗು ಎಂದಳು. ಒಲ್ಲೆ ಎಂದು ಬಂದುಬಿಟ್ಟೆ. ಅತ್ತೆಯ ಮನೆಯಿಂದ ಉಣ್ಣದೆ ಬಂದದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ನಾಲ್ಕು ದಿನ ಗುಡೂರಿನ ಆ ಓಣಿಯ ಕಡೆ ತಿರುಗಲಿಲ್ಲ. ಐದನೆಯ ದಿನ ನಮ್ಮ ಫೋಟೋವನ್ನು ಗೋಡೆಯಿಂದ ಇಳಿಸಿ, ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಮುದುಕಿ ಅದೇ ಚಾಪೆಯ ಮೇಲಿದ್ದಳು. ನನ್ನ ಕೈಯೊಳಗಿನ ಗಂಟು ನೋಡಿ ಸರಿದು ಜಾಗ ಮಾಡಿದಳು. ನಾನು ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಉಡಿಕಿ ಎಂದದ್ದು ನನ್ನ ತಪ್ಪು ಎಂದು ಅವಳ ಕಾಲು ಮುಟ್ಟಿದೆ.

ಅವಳ ಮಗ ಬಾಗಿಲ ಚೌಕಟ್ಟಿಗೆ ಆತು ನಿಂತು ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಮುದುಕಿ ಮಾತ್ರ ಹೌದೆಂಬಂತೆ ತಲೆ ಆಡಿಸಿದಳು.

“ಸ್ಟುಡಿಯೋದಾಂವ ಒಂದು ಕಾಪಿ ತನ್ನ ಕನ್ನಡಿ ಪೆಟಿಗ್ಯಾಗ ಇಟ್ಟಿದ್ನಂತ, ಚೆಂದ ಬಂದೈತಿ ಅಂತ. ನಮ್ಮಪ್ಪ ಹೇಳ್ತಿದ್ದ. ಪ್ಯಾಟಿಗೆ ಹೋದಾಗೆಲ್ಲ ಅವ್ವನ್ನ ಅಲ್ಲಿ ನಿಂದ್ರಿಸಿ ತೋರಸ್ತಿದ್ನಂತ. ಅದಽ ಇರಬೇಕು.”

ಸೀರೆ ಬಿಚ್ಚಿ ನಮ್ಮ ಫೋಟೋವನ್ನು ಅವಳ ಮುಂದಿಟ್ಟೆ. ಅವಳು ಗಾಜಿನ ಮೇಲೆ ಕೈಯಾಡಿಸಿದಳು. ಮುಖ ಬಿಟ್ಟು ನೇರ ತೋಳಿನ ಅಂಚಿಗೆ ಬಂದಳು. ಆ ಮೂರು ಚುಕ್ಕಿಗಳ ಮೇಲೆ ಅವಳ ಬೆರಳು ನಿಂತಿತು.

“ಅಂದ್ರ ನನ್ನ ಕತ್ತರಿಸಿ ಒಗದ್ರೇನು?”

ಎಂಬತ್ತರ ಹತ್ತಿರದ ಹೆಂಗಸು, ಎರಡು ವರ್ಷದ ಕೂಸಿನ ಹಾಗೆ ಕೇಳಿದಳು. ನಾನು ಹೌದು ಎಂದೆ.

ಅವಳು ಗಾಜನ್ನು ಸೆರಗಿನಿಂದ ಒರೆಸಿದಳು. ಆಮೇಲೆ ತಲೆ ಎತ್ತಿ, “ನಿಮ್ಮಪ್ಪ ದಿನಾ ಕೈ ಮುಗೀತಿದ್ನೇನು ಇದಕ್ಕ?” ಎಂದಳು.

“ದಿನಾ.”

“ಏನಂತ ಕರೀತಿದ್ದ?”

“ಅವ್ವಾ ಅಂತ.”

ಅವಳು ಫೋಟೋವನ್ನು ಎದೆಗೆ ಒತ್ತಿಕೊಂಡಳು. “ನಾ ಇದನ್ನ ಕೊಡೂದಿಲ್ರಿ ಅಕ್ಕಾರ. ತಪ್ಪು ತಿಳೀಬ್ಯಾಡ್ರಿ. ನಮ್ಮವ್ವ ಬ್ಯಾರೇವ್ರ ಮನಿ ಗ್ವಾಡಿ ಮ್ಯಾಲ ಭಾಳ ವರ್ಷ ಇದ್ದಾಳ. ಇನ್ನ ಮನೀಗೆ ಬರ್ಲಿ.”

“ಯವ್ವಾ, ಹಂಗನಬಾರದು, ಅವರು ಪೂಜಿ ಮಾಡ್ಯಾರ” ಎಂದು ಮಗ ಗಾಬರಿಯಿಂದ ಮುಂದೆ ಬಂದ. ನಾನು ಬೇಡ ಎಂದು ಕೈ ಮಾಡಿದೆ. ಕೊಟ್ಟುಬಿಡಬೇಕೆಂದೇ ತಂದಿದ್ದೆನೋ, ಇಟ್ಟುಕೊಳ್ಳಿ ಎಂದು ಅವಳು ಹೇಳಲಿ ಎಂಬ ಆಸೆಯಿಂದ ತಂದಿದ್ದೆನೋ, ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಖಾಲಿ ಸೀರೆಯನ್ನು ಮಡಿಚಿ ಚೀಲದಲ್ಲಿ ಇಟ್ಟುಕೊಂಡೆ. ಗೋಡೆಯ ಮೇಲಿನ ಪೂರ್ತಿ ಫೋಟೋವನ್ನು ಗ್ರಂಥಾಲಯಕ್ಕೆ ತೆಗೆದುಕೊಳ್ಳಲು ಅವಳೇ ಹೇಳಿದಳು. ಕೆಳಗೆ ಅವಳ ತಾಯಿಯ ಹೆಸರು, ಅವಳ ಹೆಸರು ಬರೆದು ಹಚ್ಚಿದ್ದೇನೆ. ಹೋಗಿ ಬರುವಾಗ ಕೂಸಿನ ಮುಖವನ್ನೇ ಮೊದಲು ನೋಡುತ್ತೇನೆ.

ಅತ್ತೆಗೆ ಫೋನು ಮಾಡಿ ತಿಳಿಸಿದೆ. “ಕೊಟ್ಟು ಬಂದ್ಯಾ?” ಎಂದಳು. “ಹಂಗಾರ ನಾ ಸೋಮವಾರ ಬರ್ತೇನಿ.” ಅವಳು ಬಸ್ಸು ಹತ್ತಿ ಎರಡು ವರ್ಷವಾಗಿತ್ತು.

ಸೋಮವಾರ ಅವಳ ಮಗ ಇಳಕಲ್‌ನ ನಮ್ಮ ಮನೆಗೆ ಕರೆದುಕೊಂಡು ಬಂದು ಬಿಟ್ಟುಹೋದ. ಅತ್ತೆ ನೀರು ಸೈತ ಕುಡಿಯದೆ ನೇರ ನಮ್ಮಪ್ಪನ ಫೋಟೋದ ಮುಂದೆ ಹೋಗಿ ನಿಂತಳು. ಪೋಸ್ಟಿನ ಖಾಕಿ ಅಂಗಿಯಲ್ಲಿರುವ ಅಪ್ಪ. ಅವಳು ಸೆರಗು ಸರಿ ಮಾಡಿಕೊಂಡು, ಕಿವಿ ಮಂದವಾದವರ ಜೊತೆ ಮಾತಾಡುವಷ್ಟು ಗಟ್ಟಿಯಾಗಿ ಹೇಳಿದಳು:

“ತಮ್ಮಾ, ಅಕಿ ನಮ್ಮವ್ವ ಅಲ್ಲೋ. ನಾ ಸುಳ್ಳ ಹೇಳಿದ್ದೆ ನಿನಗ.”

ನೀರಿನ ತಂಬಿಗೆ ಹಿಡಿದು ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತೆ.

“ನಮ್ಮವ್ವ ಕುಳ್ಳಿ ಇದ್ಲು. ಎಡಗಣ್ಣು ಬೆಳ್ಳಗ ಆಗಿತ್ತು. ಗಲ್ಲದ ಮ್ಯಾಲೆಲ್ಲ ಮೈಲಿ ಕುಣಿ. ನಗೂ ಮುಂದ ಬಾಯಿಗೆ ಸೆರಗ ಹಿಡೀತಿದ್ಲು, ಮ್ಯಾಲಿನ ಹಲ್ಲು ಮುಂದ ಇದ್ವು ಅಂತ. ನಿನ್ನ ಹೊತ್ಕೊಂಡಽ ಹೊಲದಾಗ ಕಳೇ ತಗೀತಿದ್ಲು, ಕೆಳಗ ಇಡ್ತಿದ್ದಿಲ್ಲ. ನೀ ಅಕಿ ಗಲ್ಲದ ಕುಣ್ಯಾಗ ಬೆರಳ ಇಟ್ಟು ಆಡ್ತಿದ್ದಿ. ಕುಣಿ ಎಣಸ್ತಾನ ಇಂವ ಅಂತ ಅಕಿ ನಗ್ತಿದ್ಲು. ನಿನಗ ನೆನಪಿಲ್ಲ. ನನಗೈತಿ.”

ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಕುಳಿತು ನನ್ನ ಕಡೆ ತಿರುಗಿದಳು.

“ಕೇಳಿಸ್ತಿಲ್ಲೋ ನಿನಗ?”

“ಕೇಳಿಸ್ತು ಅತ್ತಿ.”

“ಹಂಗಾರ ಒಂದು ಹಾಳಿ ತಂದು ಬರಕೋ. ನಾ ಹೋದ ಮ್ಯಾಲ ಹೇಳಾವ್ರು ಯಾರೂ ಇಲ್ಲ.”

ನಾನು ಹಾಳೆ, ಪೆನ್ನು ತಂದು ಅವಳ ಎದುರಿಗೆ ಕುಳಿತೆ. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದೆ.

“ಕಣ್ಣಿಂದ” ಎಂದಳು ಅತ್ತೆ. “ಇದ್ದ ಕಣ್ಣಿಂದ.”